ಕಣ್ಣಿನ ಕಿರಣ: ದೃಷ್ಟಿ ತಾಗುವ ನಂಬಿಕೆ ಮತ್ತು ನೋಟದ ಸಿದ್ಧಾಂತಗಳ ಚರಿತ್ರೆ

ಕನ್ನಡದಲ್ಲಿ ನೋಟವನ್ನು ಕುರಿತ ಆಡುಮಾತುಗಳು ಹಲವು ಕಡೆ ಚಲನೆಯನ್ನೂ ಸ್ಪರ್ಶವನ್ನೂ ಸೂಚಿಸುತ್ತವೆ. ಕಣ್ಣು ಬೀಳುತ್ತದೆ, ಕಣ್ಣು ತಾಗುತ್ತದೆ, ದೃಷ್ಟಿ ಹಾಯುತ್ತದೆ, ನೋಟ ನಾಟುತ್ತದೆ. ನೋಡುವವರ ಕಣ್ಣಿನಿಂದ ಏನೋ ಒಂದು ಹೊರಟು ಎದುರಿನ ವಸ್ತುವನ್ನು ಮುಟ್ಟುತ್ತದೆಂಬ ಗ್ರಹಿಕೆ ಈ ಮಾತುಗಳ ತಳದಲ್ಲಿದೆ. ಹಸುಗೂಸಿನ ಕೆನ್ನೆಗೆ ಇಡುವ ಕಾಡಿಗೆಯ ಬೊಟ್ಟು, ಉಪ್ಪು ಮತ್ತು ಒಣಮೆಣಸಿನಕಾಯಿಯನ್ನು ನಿವಾಳಿಸಿ ಒಲೆಗೆ ಹಾಕುವ ಕ್ರಮ, ಹೊಸ ಮನೆಯ ಮುಂದೆ ಕಟ್ಟುವ ಬೂದುಗುಂಬಳಕಾಯಿ, ಫಸಲಿನ ನಡುವೆ ನಿಲ್ಲಿಸುವ ಸುಣ್ಣದ ಚುಕ್ಕೆಯ ಮಡಕೆ ಇವೆಲ್ಲವೂ ಆ ಗ್ರಹಿಕೆ ಆಚರಣೆಯಲ್ಲಿ ಪಡೆದ ರೂಪಗಳು.

ದೃಷ್ಟಿದೋಷವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಆಚರಣೆಗಳ ವಿವರವನ್ನು ಸಂಗ್ರಹಿಸುತ್ತವೆ. ಇಲ್ಲವೆ ಅವುಗಳ ಹಿಂದಿರುವ ಅಸೂಯೆಯ ಭಯವನ್ನು ವಿವರಿಸುತ್ತವೆ. ಎರಡೂ ಅಗತ್ಯವೇ. ಆದರೆ ನೋಟಕ್ಕೆ ಮುಟ್ಟುವ ಶಕ್ತಿಯಿದೆಯೆಂದು ಜನರಿಗೆ ಏಕೆ ತೋರಿತು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಅಜ್ಞಾನದಿಂದ ಎಂಬ ಉತ್ತರ ಸುಲಭವಾದುದು. ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ.

ಏಕೆಂದರೆ ಇದು ನಿರಕ್ಷರರ ಕಲ್ಪನೆ ಮಾತ್ರವಾಗಿರಲಿಲ್ಲ. ಇಂದ್ರಿಯವು ವಿಷಯವನ್ನು ಹೋಗಿ ಮುಟ್ಟಿದಾಗಲೇ ಜ್ಞಾನವುಂಟಾಗುತ್ತದೆಂಬುದು ನ್ಯಾಯದರ್ಶನದ ನಿಲುವು. ಇದಕ್ಕೆ ಪ್ರಾಪ್ಯಕಾರಿತ್ವವೆಂದು ಹೆಸರು. ಕಣ್ಣು ತೇಜೋದ್ರವ್ಯದಿಂದಾದುದು, ಅದರಿಂದ ಹೊರಟ ರಶ್ಮಿ ವಸ್ತುವನ್ನು ತಲುಪುತ್ತದೆ ಎಂದು ನ್ಯಾಯಸೂತ್ರದ ಮೂರನೆಯ ಅಧ್ಯಾಯ ವಾದಿಸುತ್ತದೆ. ಅಲ್ಲಿಯ ಒಂದು ಆಧಾರ ಕುತೂಹಲಕರವಾಗಿದೆ. ರಾತ್ರಿ ಸಂಚರಿಸುವ ಪ್ರಾಣಿಗಳ ಕಣ್ಣಲ್ಲಿ ರಶ್ಮಿ ಕಾಣುತ್ತದೆ; ಆದುದರಿಂದ ಮನುಷ್ಯರ ಕಣ್ಣಲ್ಲೂ ಅದು ಇರಬೇಕು, ಕಾಣದಿರುವುದಷ್ಟೇ ವ್ಯತ್ಯಾಸ! ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದನ್ನು ಕಂಡು ಬೆಚ್ಚಿದ ಹಳ್ಳಿಗನೂ ಸೂತ್ರಕಾರನೂ ಇಲ್ಲಿ ಒಂದೇ ಅನುಭವದಿಂದ ಹೊರಟಿದ್ದಾರೆ. ಆ ಹೊಳಪು ಹೊರಗಿನ ಬೆಳಕು ಕಣ್ಣಿನ ಹಿಂಭಾಗದ ಪದರದಿಂದ ಪ್ರತಿಫಲಿಸಿದುದು ಎಂಬುದು ಬಹುಕಾಲದ ನಂತರ ತಿಳಿದ ಸಂಗತಿ.

ಈ ಮತಕ್ಕೆ ವಿರೋಧವೂ ಇದೇ ನೆಲದಲ್ಲಿ ಹುಟ್ಟಿತು. ಬೌದ್ಧರು ಕಣ್ಣು ದೂರದಲ್ಲಿದ್ದುದನ್ನು ಮುಟ್ಟದೆಯೇ ಗ್ರಹಿಸುತ್ತದೆ ಎಂದರು. ಜೈನರು ಕಣ್ಣು ಮತ್ತು ಮನಸ್ಸು ಎರಡನ್ನು ಅಪ್ರಾಪ್ಯಕಾರಿಗಳೆಂದು ಬೇರೆಯಾಗಿಸಿದರು. ಶ್ರವಣಬೆಳಗೊಳದ ಶಾಸನಗಳು ಸ್ತುತಿಸುವ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದಲ್ಲಿ ಕೊಡುವ ದೃಷ್ಟಾಂತ ಸರಳವೂ ತೀಕ್ಷ್ಣವೂ ಆಗಿದೆ. ಮುಟ್ಟಿದುದನ್ನೇ ಕಣ್ಣು ತಿಳಿಯುವುದಾದರೆ, ಚರ್ಮವು ತನಗೆ ತಗುಲಿದುದನ್ನು ತಿಳಿಯುವಂತೆ, ತನಗೆ ಹಚ್ಚಿದ ಅಂಜನವನ್ನೂ ಅದು ಕಾಣಬೇಕಿತ್ತು, ಕಾಣುವುದಿಲ್ಲ. ಜನಪದರು ಕಣ್ಣಿನ ಸ್ಪರ್ಶವನ್ನು ತಡೆಯಲು ಬಳಸುವ ಕಾಡಿಗೆಯನ್ನೇ ಆಚಾರ್ಯರು ಅಂಥ ಸ್ಪರ್ಶವಿಲ್ಲವೆಂದು ಸಾಧಿಸಲು ಬಳಸಿದ್ದಾರೆ. ಇದು ಆಕಸ್ಮಿಕವಿರಬಹುದು. ಆದರೂ ಶಾಸ್ತ್ರದ ತರ್ಕವು ಮನೆಯ ಅಟ್ಟಣಿಗೆಯಿಂದಲೇ ಸಾಮಗ್ರಿ ಪಡೆಯುತ್ತಿತ್ತೆಂಬುದನ್ನು ಇದು ನೆನಪಿಸುತ್ತದೆ.

ಗ್ರೀಸಿನಲ್ಲಿಯೂ ಪ್ಲೇಟೊ ಕಣ್ಣಿನೊಳಗಿನ ಬೆಂಕಿಯನ್ನು ಕುರಿತು ಬರೆದನು. ಯೂಕ್ಲಿಡ್ ಕಣ್ಣಿನಿಂದ ಹೊರಡುವ ಕಿರಣಗಳ ಮೇಲೆಯೇ ತನ್ನ ನೋಟದ ರೇಖಾಗಣಿತವನ್ನು ಕಟ್ಟಿದನು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ್ದ ಇಬ್ನ್ ಅಲ್ ಹೈಥಮ್ 11ನೆಯ ಶತಮಾನದ ಆರಂಭದಲ್ಲಿ ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು ಪ್ರತಿಪಾದಿಸಿದನು. ಹೆಚ್ಚಿನ ಬೆಳಕು ಕಣ್ಣನ್ನು ನೋಯಿಸುತ್ತದೆ ಎಂಬುದು ಆತನ ಆಧಾರಗಳಲ್ಲೊಂದು. ಕಂಡುದನ್ನು ಗುರುತಿಸುವಾಗ ಮನಸ್ಸು ಅರಿವಿಗೇ ಬಾರದಷ್ಟು ವೇಗವಾಗಿ ಅನುಮಾನ ಮಾಡುತ್ತದೆಂದೂ ಆತ ಹೇಳಿದ್ದುಂಟು. 1604ರಲ್ಲಿ ಕೆಪ್ಲರ್ ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬ ಮೂಡುವುದನ್ನು ತೋರಿಸಿದ ಮೇಲೆ ಕಣ್ಣಿನ ಕಿರಣಕ್ಕೆ ವಿಜ್ಞಾನದಲ್ಲಿ ಸ್ಥಾನ ಉಳಿಯಲಿಲ್ಲ.

ಆದರೆ ಬಿಂಬ ಮೂಡುವುದೇ ನೋಟವಲ್ಲ. ಬಿಂಬ ತಲೆಕೆಳಗು, ಲೋಕ ನೆಟ್ಟಗೆ. ನರವು ಕಣ್ಣಿನಿಂದ ಹೊರಡುವ ಸ್ಥಳದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಆದರೂ ಅಲ್ಲಿ ಯಾರಿಗೂ ತೂತು ಕಾಣುವುದಿಲ್ಲ. ಮಿದುಳು ಸುತ್ತಣದನ್ನು ಆಧರಿಸಿ ಅದನ್ನು ತುಂಬಿಕೊಳ್ಳುತ್ತದೆ. 1867ರಲ್ಲಿ ಪೂರ್ಣಗೊಂಡ ತನ್ನ ಗ್ರಂಥದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ಅಪ್ರಜ್ಞಾಪೂರ್ವಕ ಅನುಮಾನವೆಂದು ಕರೆದನು. ಇಂದ್ರಿಯ ಕೊಡುವುದು ಸುಳಿವನ್ನು. ಲೋಕವನ್ನು ಕಟ್ಟುವುದು ಮಿದುಳು.

ಹೀಗೆ ಕಟ್ಟುವ ಕೆಲಸದಲ್ಲಿ ಎದುರಿನವರ ನೋಟವೂ ಸೇರಿದೆ ಎಂಬುದು ಜಾನಪದ ಅಧ್ಯಯನಕ್ಕೆ ಮುಖ್ಯವಾದ ಸಂಗತಿ. ನೋಡುವಾಗ ಕಣ್ಣಿನಿಂದ ಏನೋ ಹೊರಹೋಗುತ್ತದೆಂದು ಅಮೆರಿಕದ ಅನೇಕ ಕಾಲೇಜು ವಿದ್ಯಾರ್ಥಿಗಳೂ ಭಾವಿಸುತ್ತಾರೆಂದು ಜೆರಾಲ್ಡ್ ವಿನರ್ ಮತ್ತು ಸಂಗಡಿಗರು 2002ರಲ್ಲಿ ಬರೆದರು. 2019ರಲ್ಲಿ ಆರ್ವಿಡ್ ಗುಟರ್‌ಸ್ಟಾಮ್, ಮೈಕಲ್ ಗ್ರಾಜಿಯಾನೋ ಮೊದಲಾದವರು ಪ್ರಕಟಿಸಿದ ಪ್ರಯೋಗ ಇನ್ನೂ ಸೂಕ್ಷ್ಮವಾದುದು. ನೆಟ್ಟಗೆ ನಿಂತ ಕಾಗದದ ಕೊಳವೆಯೊಂದು ಎಷ್ಟು ವಾಲಿದರೆ ಉರುಳುತ್ತದೆಂದು ಅಂದಾಜು ಮಾಡುವುದು ಅಲ್ಲಿಯ ಕೆಲಸ. ಪಕ್ಕದಲ್ಲಿ ಅದನ್ನು ದಿಟ್ಟಿಸುವ ಮುಖದ ಚಿತ್ರವಿದ್ದಾಗ, ನೋಟವೇ ಕೊಳವೆಯನ್ನು ತುಸು ನೂಕುತ್ತಿದೆಯೋ ಎಂಬಂತೆ ಅಂದಾಜು ಬದಲಾಯಿತು. ವ್ಯತ್ಯಾಸ ಒಂದು ಡಿಗ್ರಿಗಿಂತ ಕಡಿಮೆ. ಮುಖದ ಕಣ್ಣಿಗೆ ಪಟ್ಟಿ ಕಟ್ಟಿದಾಗ ಅದೂ ಇಲ್ಲವಾಯಿತು. ಭಾಗವಹಿಸಿದವರಲ್ಲಿ ಹೆಚ್ಚಿನವರು ಕಣ್ಣಿನ ಕಿರಣವನ್ನು ನಂಬದವರು. ಯಾರ ಗಮನ ಎತ್ತ ಹರಿದಿದೆಯೆಂದು ಬೇಗ ತಿಳಿಯಲು ಮಿದುಳು ನೋಟವನ್ನು ಹರಿಯುವ ಬಲದಂತೆ ಚಿತ್ರಿಸಿಕೊಳ್ಳುತ್ತದೆ ಎಂಬುದು ಸಂಶೋಧಕರ ವ್ಯಾಖ್ಯಾನ. ಅದನ್ನು ಪ್ರಶ್ನಿಸಿದವರೂ ಇದ್ದಾರೆ.

ಇದರಿಂದ ದೃಷ್ಟಿ ತಾಗುವುದು ವೈಜ್ಞಾನಿಕವೆಂದು ಸಿದ್ಧವಾಯಿತೆಂದು ಹೊರಡುವವರು ಪ್ರಯೋಗವನ್ನು ತಲೆಕೆಳಗಾಗಿ ಓದುತ್ತಾರೆ. ಕೊಳವೆಯನ್ನು ಯಾವ ಬಲವೂ ನೂಕಲಿಲ್ಲ. ಹಾಗೆ ತೋರಿದುದು ನೋಡುವವರ ಮಿದುಳಿನಲ್ಲಿ. ಜನಪದದ ಗ್ರಹಿಕೆಗೆ ಬೇರು ಎಲ್ಲಿರಬಹುದೆಂಬುದನ್ನಷ್ಟೇ ಇದು ಸೂಚಿಸುತ್ತದೆ. ನೋಟ ಮುಟ್ಟುತ್ತದೆಂಬ ತೋರಿಕೆಯನ್ನು ಮಿದುಳು ಕೊಟ್ಟಿರಬಹುದು, ಆದರೆ ಯಾರ ನೋಟ ಕೆಟ್ಟದ್ದೆಂಬುದನ್ನು ಅದು ಹೇಳಿಲ್ಲ. ಅದನ್ನು ತೀರ್ಮಾನಿಸಿದುದು ಸಮಾಜ. ಮಕ್ಕಳಿಲ್ಲದವಳು, ಗಂಡನನ್ನು ಕಳೆದುಕೊಂಡವಳು, ಹಸಿದು ಬಂದವನು ಇಂಥವರ ಮೇಲೆ ಕೆಟ್ಟ ಕಣ್ಣಿನ ಆರೋಪ ಸುಲಭವಾಗಿ ಬಿದ್ದಿದೆ. ತೊಟ್ಟಿಲ ಶಾಸ್ತ್ರದ ದಿನ ಅವರು ಬಾಗಿಲಾಚೆಯೇ ನಿಂತದ್ದುಂಟು. ನಂಬಿಕೆಯ ಈ ಎರಡು ಪದರಗಳನ್ನು ಬೇರ್ಪಡಿಸದ ಅಧ್ಯಯನ ಮೊದಲನೆಯದನ್ನು ಹಾಸ್ಯ ಮಾಡುತ್ತದೆ, ಎರಡನೆಯದನ್ನು ಗಮನಿಸದೆ ಬಿಡುತ್ತದೆ.

ನಿವಾಳಿಸುವ ಮಾತುಗಳು ಈ ವಿಷಯದಲ್ಲಿ ಊರಿನ ಗುಸುಗುಸುವಿಗಿಂತ ಉದಾರವಾಗಿವೆ. ಅವು ಒಬ್ಬರನ್ನೇ ಬೆರಳಿಟ್ಟು ತೋರಿಸುವುದಿಲ್ಲ. ಹೋಗುವವರ ಕಣ್ಣು, ಬರುವವರ ಕಣ್ಣು, ನೆಂಟರ ಕಣ್ಣು, ನೆರೆಯವರ ಕಣ್ಣು ಎಂದು ಸಾಗುವ ಆ ಪಟ್ಟಿಯಲ್ಲಿ ಎಷ್ಟೋ ಮನೆಗಳಲ್ಲಿ ಹೆತ್ತ ತಾಯಿಯ ಕಣ್ಣೂ ಸೇರುತ್ತದೆ.