ಜೀವನಚಕ್ರ ಮೌಲ್ಯಮಾಪನ: ಸಕಲೇಶಪುರ ಸೀಮೆಯ ಕಾಫಿಯನ್ನು ಮುಂದಿಟ್ಟು

ಒಂದು ಉತ್ಪನ್ನಕ್ಕೆ ಬೇಕಾದ ಕಚ್ಚಾವಸ್ತು ನೆಲದಿಂದ ಹೊರಬಂದಲ್ಲಿಂದ, ಬಳಕೆ ಮುಗಿದು ಉಳಿದದ್ದು ಕಸವಾಗುವವರೆಗೆ ಪರಿಸರಕ್ಕೆ ಆಗುವ ಹೊರೆಯನ್ನೆಲ್ಲ ಒಂದೇ ಲೆಕ್ಕಕ್ಕೆ ತರುವ ವಿಧಾನವೇ ಜೀವನಚಕ್ರ ಮೌಲ್ಯಮಾಪನ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ಎಲ್‌ಸಿಎ ಎಂದೂ ಕರೆಯುತ್ತಾರೆ. ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂಥ ಘಟ್ಟದಂಚಿನ ಊರುಗಳ ಕಾಫಿ ಈ ವಿಧಾನದ ಬಲವನ್ನೂ ಇಕ್ಕಟ್ಟನ್ನೂ ಒಟ್ಟಿಗೆ ತೋರಿಸುತ್ತದೆ. ಇಲ್ಲಿ ಒಂದೇ ನೆಲದಲ್ಲಿ ಹಲವು ಬೆಳೆಗಳಿವೆ, ಮಳೆ ವಿಪರೀತ, ಬೆಳೆಯೆಲ್ಲ ಮರದ ನೆರಳಿನಲ್ಲಿದೆ.

ಹಿನ್ನೆಲೆ

1969ರಲ್ಲಿ ಕೋಕಾ-ಕೋಲಾ ಕಂಪನಿ ಪಾನೀಯ ತುಂಬುವ ಬಗೆಬಗೆಯ ಪಾತ್ರೆಗಳನ್ನು ಹೋಲಿಸಲು ಅಮೆರಿಕದ ಮಿಡ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಿಂದ ಅಧ್ಯಯನ ಮಾಡಿಸಿತು. ಈ ಕ್ಷೇತ್ರದ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದ ಗುರುತಿಸುತ್ತಾರೆ. ‘ಸೆಟ್ಯಾಕ್’ ಎಂಬ ವಿಜ್ಞಾನಿಗಳ ಸಂಘ 1990ರ ದಶಕದ ಆರಂಭದಲ್ಲಿ ಇದಕ್ಕೆ ಈಗಿನ ಹೆಸರನ್ನೂ ಕಾರ್ಯಸಂಹಿತೆಯನ್ನೂ ಕೊಟ್ಟಿತು. 1997ರಲ್ಲಿ ಐಎಸ್‌ಒ 14040 ಮಾನಕ ಬಂತು; 2006ರಲ್ಲಿ ಅದನ್ನು ಪರಿಷ್ಕರಿಸಿ ಐಎಸ್‌ಒ 14044ನ್ನು ಜೊತೆಗೂಡಿಸಲಾಯಿತು. ಭಾರತೀಯ ಮಾನಕ ಬ್ಯೂರೊ ಇವನ್ನು ಅಂಗೀಕರಿಸಿದೆ.

ನಾಲ್ಕು ಹಂತಗಳು

ಮೊದಲು ಉದ್ದೇಶ ಮತ್ತು ವ್ಯಾಪ್ತಿಯ ನಿರ್ಣಯ, ಆಮೇಲೆ ಒಳಬಂದ ಮತ್ತು ಹೊರಹೋದ ವಸ್ತು-ಶಕ್ತಿಗಳ ಪಟ್ಟಿ, ನಂತರ ಪರಿಣಾಮಗಳ ಅಂದಾಜು, ಕೊನೆಗೆ ಅರ್ಥ ವಿವರಣೆ. ಲೆಕ್ಕಕ್ಕೆ ಒಂದು ಮೂಲಮಾನ ಬೇಕು: ಒಂದು ಕೆ.ಜಿ. ಹಸಿರು ಕಾಫಿ ಬೀಜವೋ, ಒಂದು ಲೋಟ ಕಾಫಿಯೋ? ಬೀಜವೆಂದರೆ ಲೆಕ್ಕ, ಒಣಗಿದ ಕಾಫಿಯ ಹೊಟ್ಟು ಕಳೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಬಾಗಿಲಲ್ಲಿ ನಿಲ್ಲಬಹುದು. ಲೋಟವೆಂದರೆ ಹುರಿಯುವ ಇಂಧನ, ನೀರು ಕುದಿಸುವ ಗ್ಯಾಸು, ಬೆರೆಸುವ ಹಾಲು ಎಲ್ಲವೂ ಸೇರಬೇಕು. ಹಾಲಿನ ಹಿಂದೆ ಹಸುವಿನ ಮೀಥೇನ್ ಇರುವುದರಿಂದ ಫಿಲ್ಟರ್ ಕಾಫಿಯ ಲೆಕ್ಕದಲ್ಲಿ ಅದರ ಪಾಲು ಸಣ್ಣದಲ್ಲ.

ತೋಟದ ಪಟ್ಟಿ

ಅರೇಬಿಕಾ ತೋಟದ ಪಟ್ಟಿಯಲ್ಲಿ ಗೊಬ್ಬರ ಮತ್ತು ಸುಣ್ಣ ಇರುತ್ತವೆ. ಎಲೆತುಕ್ಕಿಗೆ ಸಿಂಪಡಿಸುವ ಬೋರ್ಡೋ ದ್ರಾವಣವಿರುತ್ತದೆ: ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಹೂಮಳೆ ತಪ್ಪಿದ ವರ್ಷ ಸ್ಪ್ರಿಂಕ್ಲರ್ ಓಡಿಸುವ ಡೀಸೆಲ್, ಕೊಯ್ಲಾದ ಮೇಲೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಬೇಕಾದ ನೀರು ಮತ್ತು ವಿದ್ಯುತ್ತು, ಹಾಸನ ಅಥವಾ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಲಾರಿ ಪ್ರಯಾಣ, ಅಲ್ಲಿಂದ ಮಂಗಳೂರು ಬಂದರು ಕೂಡ ಸೇರುತ್ತವೆ. ಬೋರ್ಡೋದ ತಾಮ್ರ ಹವಾಮಾನದ ಲೆಕ್ಕದಲ್ಲಿ ಹೆಚ್ಚು ತೂಗುವುದಿಲ್ಲ. ಮಣ್ಣು-ನೀರಿನ ವಿಷಕಾರಕತೆಯ ಖಾನೆಯಲ್ಲಿ ಎದ್ದು ಕಾಣುತ್ತದೆ. ಇಂಗಾಲದ ಹೆಜ್ಜೆಗುರುತೊಂದನ್ನೇ ನೋಡುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಸಾರಜನಕದ ಲೆಕ್ಕ

ಕಾಫಿಯ ಹವಾಮಾನ ಹೊರೆಯಲ್ಲಿ ತೋಟದ ಮಟ್ಟಿಗೆ ನಿರ್ಣಾಯಕವಾದದ್ದು ಹೆಚ್ಚಾಗಿ ಗೊಬ್ಬರವೇ. ಮಣ್ಣಿಗೆ ಹಾಕಿದ ಸಾರಜನಕದ ಒಂದಂಶವನ್ನು ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಬಿಡುತ್ತವೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ ನೂರು ವರ್ಷಗಳ ಅವಧಿಯಲ್ಲಿ ಈ ಅನಿಲದ ತಾಪನಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು.

ತೋಟಕ್ಕೆ 100 ಕೆ.ಜಿ. ಸಾರಜನಕ, ಅಂದರೆ ಸುಮಾರು 217 ಕೆ.ಜಿ. ಯೂರಿಯಾ ಹಾಕಿದರೆಂದು ಇಟ್ಟುಕೊಳ್ಳೋಣ. ಐಪಿಸಿಸಿ 2006ರ ಮಾರ್ಗಸೂಚಿಯ ಸಾಮಾನ್ಯ ದರ ಶೇ. 1. ಆ ದರದಲ್ಲಿ 1 ಕೆ.ಜಿ. ಸಾರಜನಕ ಅನಿಲವಾಗುತ್ತದೆ, ಅಣುತೂಕಗಳ ಅನುಪಾತ 44/28ರಿಂದ ಗುಣಿಸಿದರೆ 1.57 ಕೆ.ಜಿ. ನೈಟ್ರಸ್ ಆಕ್ಸೈಡ್, ಅಂದರೆ ಸುಮಾರು 429 ಕೆ.ಜಿ. ಡೈಆಕ್ಸೈಡಿಗೆ ಸಮ. 2019ರ ಪರಿಷ್ಕರಣೆ ಒಣ ಮತ್ತು ತೇವ ಹವೆಗಳನ್ನು ಬೇರ್ಪಡಿಸಿತು. ಉಷ್ಣವಲಯದಲ್ಲಿ ವರ್ಷಕ್ಕೆ 1,000 ಮಿ.ಮೀ. ಮೀರಿ ಮಳೆ ಬೀಳುವ ಜಾಗವೆಲ್ಲ ತೇವ ಹವೆಯದು; ಅಲ್ಲಿ ರಾಸಾಯನಿಕ ಗೊಬ್ಬರಕ್ಕೆ ದರ ಶೇ. 1.6. ಘಟ್ಟದಂಚಿನ ಮಳೆ ಆ ಗೆರೆಯನ್ನು ಎಷ್ಟೋ ದಾಟಿರುವುದರಿಂದ ಅದೇ ಮೂಟೆಗಳ ಲೆಕ್ಕ ಸುಮಾರು 686 ಕೆ.ಜಿ.ಗೆ ಏರುತ್ತದೆ. ಮಳೆನೀರಿನಲ್ಲಿ ಕೊಚ್ಚಿಹೋಗುವ ಸಾರಜನಕದಿಂದ ಪರೋಕ್ಷವಾಗಿ ಹುಟ್ಟುವುದು, ಅದೇ ಪರಿಷ್ಕರಣೆಯ ದರಗಳಲ್ಲಿ, ಇನ್ನೊಂದು 113 ಕೆ.ಜಿ. ಯೂರಿಯಾ ಕರಗುವಾಗ ಬಿಡುವ ಡೈಆಕ್ಸೈಡ್ 159 ಕೆ.ಜಿ. ಕಾರ್ಖಾನೆಯಲ್ಲಿ ಯೂರಿಯಾ ತಯಾರಿಸಲು ಉರಿದ ಅನಿಲದ ಲೆಕ್ಕ ಇನ್ನೂ ಬೇರೆ.

ಈ ಲೆಕ್ಕಕ್ಕೆ ತೋಟದಲ್ಲಿ ನೇರ ಅರ್ಥವಿದೆ. ಗೊಬ್ಬರವನ್ನು ಒಮ್ಮೆಗೇ ಸುರಿಯದೆ ಹೂವಿನ ಮುಂಚೆ, ಹೂವಿನ ನಂತರ, ಮಳೆಗಾಲದ ನಡುವೆ ಮತ್ತು ಕೊನೆಗೆ ಎಂದು ಕಂತುಗಳಲ್ಲಿ ಕೊಡುವ ಪದ್ಧತಿ ಇಳುವರಿಗಷ್ಟೇ ಅಲ್ಲ, ಹೊರೆ ಇಳಿಸಲೂ ನೆರವಾಗಬಲ್ಲದು. ಆದರೆ ಐಪಿಸಿಸಿ ದರ ಮೂಟೆಗಳನ್ನು ಎಣಿಸುತ್ತದೆಯೇ ಹೊರತು ಕಂತುಗಳನ್ನಲ್ಲ. ಎಚ್ಚರದ ಬೆಳೆಗಾರನ ಶ್ರಮ ಲೆಕ್ಕದಲ್ಲಿ ಕಾಣಬೇಕಾದರೆ ಅದೇ ಮಣ್ಣಿನಲ್ಲಿ ಅಳತೆ ನಡೆಯಬೇಕು.

ಪಲ್ಪಿಂಗ್ ನೀರು

ಹಣ್ಣಿನ ಸಿಪ್ಪೆ ಸುಲಿದು, ಲೋಳೆ ಕಳೆದು, ತೊಳೆದು, ತೆಳು ಹೊಟ್ಟಿನ ಬೀಜವಾದ ಪಾರ್ಚ್‌ಮೆಂಟ್ ಮಾಡುವಾಗ ಸಕ್ಕರೆ ಮತ್ತು ಪೆಕ್ಟಿನ್ ತುಂಬಿದ ನೀರು ಹೊರಬರುತ್ತದೆ. ಅದು ಹೊಳೆ ಸೇರಿದರೆ ನೀರಿನ ಆಮ್ಲಜನಕ ಇಳಿಯುತ್ತದೆ. ಹೊಂಡದಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಹಣ್ಣನ್ನು ಕಣದಲ್ಲಿ ಹಾಗೆಯೇ ಒಣಗಿಸುವ ಚೆರಿ ಕಾಫಿಗೆ ಈ ಹೊರೆಯಿಲ್ಲ. ನೀರು ಎತ್ತ ಹರಿಯುತ್ತದೆ ಎಂಬುದೂ ಮುಖ್ಯ. ಸಕಲೇಶಪುರ ಪಟ್ಟಣದ ಹೇಮಾವತಿ ಮೂಡಣಕ್ಕೆ ಸಾಗಿ ಕಾವೇರಿ ಸೇರುತ್ತಾಳೆ. ಹೊಂಗಡಹಳ್ಳದ ನೀರು ಪಡುವಣಕ್ಕಿಳಿದು ಗುಂಡ್ಯ, ಕುಮಾರಧಾರಾಗಳ ಮೂಲಕ ನೇತ್ರಾವತಿ ಸೇರುತ್ತದೆ. ದೇಶದ ಸರಾಸರಿ ಅಂಕಿ ಬಳಸುವ ಎಲ್‌ಸಿಎಗೆ ಈ ಎರಡೂ ಒಂದೇ.

ಹೊರೆಯ ಹಂಚಿಕೆ

ತೋಟದಲ್ಲಿ ಕಾಫಿಯ ಜೊತೆ ಮರಕ್ಕೆ ಹಬ್ಬಿದ ಮೆಣಸು, ಕೆಲವೆಡೆ ಏಲಕ್ಕಿ, ಮೇಲೆ ಸಿಲ್ವರ್ ಓಕ್ ಇರುತ್ತವೆ. ಒಂದೇ ಗೊಬ್ಬರದ ಹೊರೆಯನ್ನು ಯಾವುದಕ್ಕೆ ಎಷ್ಟು ಹಂಚಬೇಕು? ತೂಕದಿಂದ ಹಂಚಿದರೆ ಮರ ಕಡಿದ ವರ್ಷ ನಾಟಾವೇ ಬಹುಪಾಲನ್ನು ಹೊರುತ್ತದೆ, ಕಾಫಿ ಹಗುರಾಗುತ್ತದೆ. ಬೆಲೆಯಿಂದ ಹಂಚಿದರೆ ಮೆಣಸಿನ ಧಾರಣೆ ಏರಿದ ವರ್ಷ, ಮಣ್ಣಿನಲ್ಲಿ ಏನೂ ಬದಲಾಗದಿದ್ದರೂ, ಕಾಫಿಯ ಹೆಜ್ಜೆಗುರುತು ಕುಗ್ಗುತ್ತದೆ. ಸಾಧ್ಯವಾದಷ್ಟೂ ಹಂಚಿಕೆಯನ್ನೇ ತಪ್ಪಿಸಿ ಎನ್ನುತ್ತದೆ ಐಎಸ್‌ಒ 14044. ಮಿಶ್ರ ತೋಟದಲ್ಲಿ ಅದು ಸುಲಭವಲ್ಲ. ಆದ್ದರಿಂದ ಹಂಚಿಕೆಯ ಕ್ರಮ ಹೇಳದ ಕಾಫಿ ಅಂಕಿಗಳನ್ನು ಪರಸ್ಪರ ಹೋಲಿಸಲಾಗದು.

ನೆರಳು ಮತ್ತು ಕಾಲದ ಗಡಿ

ಮಂಜರಾಬಾದ್ ಎಂದು ಕರೆಯುತ್ತಿದ್ದ ಈ ಸೀಮೆಗೆ ಯುರೋಪಿಯನ್ ಪ್ಲಾಂಟರುಗಳು ಬಂದದ್ದು 1840ರ ದಶಕದಲ್ಲಿ. ಇಲ್ಲೇ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಕಾಫಿ ಕೃಷಿಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದರಲ್ಲಿ ನೆರಳಿಗೆ ದೊಡ್ಡ ಸ್ಥಾನವಿದೆ. 1860ರ ದಶಕದ ಕಾಂಡಕೊರಕದ ಹಾವಳಿ ಬಯಲು ಮಾಡಿದ ತೋಟಗಳನ್ನು ಹೆಚ್ಚು ಕಾಡಿತ್ತು. ಈ ಕೀಟಕ್ಕೆ ಬಿಸಿಲು ಬೀಳುವ ಕಾಂಡವೇ ಇಷ್ಟ. ನೆರಳು ಹೀಗೆ ಈ ಸೀಮೆಯ ಬೇಸಾಯದ ಅಡಿಪಾಯವಾಯಿತು.

ಎಲ್‌ಸಿಎಯಲ್ಲಿ ಈ ಇತಿಹಾಸ ಎರಡು ಕಡೆ ತೊಡಕಾಗುತ್ತದೆ. ಕಾಡು ಕಡಿದ ಹೊರೆಯನ್ನು ವಾಡಿಕೆಯಂತೆ ಹಿಂದಿನ 20 ವರ್ಷಗಳಿಗಷ್ಟೇ ಎಣಿಸುವುದರಿಂದ 19ನೇ ಶತಮಾನದ ಕಡಿತ ಲೆಕ್ಕಕ್ಕೆ ಸಿಗುವುದಿಲ್ಲ. ಜೊತೆಗೆ, ಬ್ರೆಜಿಲ್‌ನ ಬಿಸಿಲು ತೋಟಗಳ ದತ್ತಾಂಶವನ್ನು ಇಲ್ಲಿಗೆ ಎರವಲು ತಂದರೆ ನೆರಳಿನ ಮರಗಳು ಹಿಡಿದಿಟ್ಟ ಇಂಗಾಲವೂ ಅವುಗಳ ಎಲೆಗೊಬ್ಬರವೂ ಕಾಣೆಯಾಗುತ್ತವೆ.

ಯೋಜನೆಯ ಮೌಲ್ಯಮಾಪನದಿಂದ ಭೇದ

ಎಲ್‌ಸಿಎ ಉತ್ಪನ್ನವನ್ನು ಹಿಂಬಾಲಿಸುತ್ತದೆ. ಪರಿಸರ ಪರಿಣಾಮ ಮೌಲ್ಯಮಾಪನ, ಅಂದರೆ ಇಐಎ, ಜಾಗವನ್ನು. ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ ಮತ್ತು ಬೆಟ್ಟಕುಮಾರಿ ಹೊಳೆಗಳ ನೀರು ಬಳಸಲು ಉದ್ದೇಶಿಸಿದ, ಮೊದಲ ಹಂತದಲ್ಲಿ 200 ಮೆಗಾವಾಟ್‌ನ ಗುಂಡ್ಯ ಜಲವಿದ್ಯುತ್ ಯೋಜನೆ ಇದಕ್ಕೆ ಹತ್ತಿರದ ಉದಾಹರಣೆ. ಐಪಿಸಿಸಿಯ 2014ರ ವರದಿಯಲ್ಲಿ ಒಂದು ಯೂನಿಟ್ ಜಲವಿದ್ಯುತ್ತಿನ ಜೀವನಚಕ್ರ ಹೊರಸೂಸುವಿಕೆಯ ಮಧ್ಯಕ ಇಂಗಾಲದ ಡೈಆಕ್ಸೈಡಿಗೆ ಸಮನಾಗಿ 24 ಗ್ರಾಂ, ಕಲ್ಲಿದ್ದಲಿನದು 820 ಗ್ರಾಂ. ಈ ಅಂಕಿಯಷ್ಟನ್ನೇ ನೋಡಿದರೆ ಯೋಜನೆ ಸುಲಭವಾಗಿ ಗೆಲ್ಲುತ್ತದೆ. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ 2011ರ ವರದಿಯಲ್ಲಿ ಜೀವವೈವಿಧ್ಯದ ನಷ್ಟವನ್ನು ಮುಂದಿಟ್ಟು ಇದಕ್ಕೆ ಅನುಮತಿ ಕೊಡಬಾರದೆಂದು ಶಿಫಾರಸು ಮಾಡಿತು. ಆ ನಷ್ಟವನ್ನು ಪ್ರತಿ ಯೂನಿಟ್‌ಗೆ ಇಷ್ಟು ಗ್ರಾಂ ಎಂದು ಬರೆಯುವ ಖಾನೆ ಎಲ್‌ಸಿಎಯ ಹವಾಮಾನ ಲೆಕ್ಕದಲ್ಲಿಲ್ಲ.