ಡಿ.ವಿ.ಜಿ.ಯವರ ‘ಡಿ’, ಡಿಸೋಜರ ‘ಡಿ’

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಹೆಸರಿನಲ್ಲಿ ಮೊದಲ ಅಕ್ಷರ ದೇವನಹಳ್ಳಿಯದು, ಎರಡನೆಯದು ತಂದೆ ವೆಂಕಟರಮಣಯ್ಯನವರದು. ಮಾಲೂರು ತಾಲ್ಲೂಕಿನ ಮಾಸ್ತಿಯಂತೂ ಊರಿನ ಹೆಸರಾಗಿ ಉಳಿದದ್ದಕ್ಕಿಂತ ಹೆಚ್ಚಾಗಿ ಒಬ್ಬ ಲೇಖಕರ ಹೆಸರಾಗಿಯೇ ಬೆಳೆಯಿತು. ಬೈರಕೂರು ಹೋಬಳಿಯಂಥ ಗಡಿಸೀಮೆಯಲ್ಲಿ ತೆಲುಗು ಮನೆಮಾತಿನವರಿಗೆ ಇವುಗಳ ಜೊತೆಗೆ ‘ಇಂಟಿಪೇರು’ ಎಂಬ ಮನೆತನದ ಹೆಸರು ಬೇರೆ ಇರುತ್ತದೆ. ಇಂಟಿಪೇರು ಒಂದೇ ಆದರೆ ಸಾಮಾನ್ಯವಾಗಿ ಹೆಣ್ಣು ಕೊಟ್ಟು ತರುವುದಿಲ್ಲ. ಹೆಸರೆಂದರೆ ಊರು ಇಲ್ಲವೇ ವಂಶ ಎಂಬ ಈ ರೂಢಿಯ ಕಣ್ಣಿನಿಂದ ‘ಡಿಸೋಜ’ ಎಂಬುದನ್ನು ಓದಿದವರು, ಆ ಮನೆತನದ ಮೂಲದಲ್ಲಿ ಒಬ್ಬ ಪೋರ್ಚುಗೀಸ್ ಅಜ್ಜ ಇದ್ದಿರಬೇಕೆಂದು ಊಹಿಸುವುದು ಸಹಜ. ಆದರೆ ಆ ಹೆಸರಿನ ಚರಿತ್ರೆ ಬೇರೆ ಮಾತು ಹೇಳುತ್ತದೆ. ಕರಾವಳಿಯ ಡಿಸೋಜರಿಗೆ ಆ ಹೆಸರನ್ನು ಕೊಟ್ಟದ್ದು ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಅದರ ಇಂದಿನ ಬರವಣಿಗೆಯ ರೂಪವಂತೂ ಪೋರ್ಚುಗಲ್ಲಿನದೇ ಅಲ್ಲ.

ಮೂಲದಲ್ಲಿ ಸೋಜ ಒಂದು ಹೊಳೆ. ಉತ್ತರ ಪೋರ್ಚುಗಲ್ಲಿನ ಸೌಜಾ ಹೊಳೆ ಪೋರ್ತೊ ನಗರದ ಸಮೀಪ ದೋರು ನದಿಯನ್ನು ಸೇರುತ್ತದೆ. ಅದರ ಕಣಿವೆಯನ್ನು ಆಳುತ್ತಿದ್ದ ಪಾಳೆಯಗಾರರಲ್ಲಿ, 11ನೇ ಶತಮಾನದ ಎಗಾಸ್ ಗೋಮೆಸ್ ಈ ಹೆಸರು ಹೊತ್ತವರಲ್ಲಿ ಮೊದಲಿಗನೆಂದು ವಂಶಾವಳಿಗಳು ಗುರುತಿಸುತ್ತವೆ. ‘ದೆ’ ಎಂದರೆ ‘ಇಂಥ ಊರಿನ’ ಎಂದು ಅರ್ಥ, ಡಿ.ವಿ.ಜಿ.ಯವರ ‘ಡಿ’ ಮಾಡುವ ಕೆಲಸವೂ ಅದೇ. ತವರಿನಲ್ಲೇ ಈ ಹೆಸರು ಗಂಡುಸಂತತಿಗೆ ಕಟ್ಟುಬಿದ್ದಿರಲಿಲ್ಲ ಎಂಬುದನ್ನು ಗಮನಿಸಬೇಕು. 13ನೇ ಶತಮಾನದ ಕೊನೆಗೆ ಹಿರಿಯ ಗಂಡುಕವಲು ನಿಂತುಹೋದಾಗ, ಆಸ್ತಿಯ ಜೊತೆಗೆ ಹೆಸರೂ ಮನೆತನದ ಹೆಣ್ಣುಮಕ್ಕಳ ಮೂಲಕ ದೊರೆ ಮೂರನೇ ಅಫೋನ್ಸೊನ ವಿವಾಹೇತರ ಪುತ್ರರ ವಂಶಕ್ಕೆ ಹೋಯಿತು. ಕ್ಯಾಸ್ಟೀಲಿಯನ್ ನಾಲಿಗೆಯಲ್ಲಿ ಇದೇ ‘ಸೋಸ’ ಆಗಿ ಸ್ಪ್ಯಾನಿಷ್ ಅಮೆರಿಕಕ್ಕೆ ದಾಟಿತು. ಬ್ರೆಜಿಲ್‌ನಲ್ಲಿ 1532ರಲ್ಲಿ ಸಾವೊ ವಿಸೆಂತೆ ವಸಾಹತನ್ನು ಸ್ಥಾಪಿಸಿದ ಮಾರ್ತಿಂ ಅಫೋನ್ಸೊ ದೆ ಸೌಜನೇ ಮುಂದೆ ಗೋವೆಗೆ ಗವರ್ನರ್ ಆಗಿ ಬಂದ. 1542ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಬಂದಿಳಿದದ್ದೂ ಅವನ ಜೊತೆಯಲ್ಲಿ.

ಗೋವೆಯಲ್ಲಿ ಮತಾಂತರಗೊಂಡವರು ದೀಕ್ಷಾಸ್ನಾನದ ಹೊತ್ತಿನಲ್ಲಿ ಪಾದ್ರಿಯದೋ, ಜ್ಞಾನಪಿತನದೋ, ಯಾವನಾದರೂ ಅಧಿಕಾರಿಯದೋ ಹೆಸರನ್ನು ಪಡೆಯುತ್ತಿದ್ದರು. ಇದಕ್ಕೆ ಒಳ್ಳೆಯ ಸಾಕ್ಷಿ ಇಂದಿಗೂ ಮಂಗಳೂರಿನಲ್ಲಿ ಕಣ್ಣೆದುರಿಗಿದೆ. ಬಾಮಣ್, ಚಾರೊಡಿ, ಸುದಿರ್ ಎಂಬ ಬೇರೆ ಬೇರೆ ಜಾತಿಮೂಲದ ಮನೆಗಳಲ್ಲಿ ಒಂದೇ ಡಿಸೋಜ ಇದೆ. ಡಿಸೋಜ ಮನೆಯ ಹೆಣ್ಣು ಇನ್ನೊಂದು ಡಿಸೋಜ ಮನೆ ಸೇರಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇಂಟಿಪೇರಿನ ಲೆಕ್ಕದಲ್ಲಿ ಇದು ಆಗದ ಮಾತು. ಅದೇ ಹೊತ್ತಿಗೆ ಪ್ರಭು, ಕಾಮತ್, ಶೆಣೈ, ನಾಯಕ್ ಎಂಬ ಹಳೆಯ ಮನೆತನದ ಹೆಸರುಗಳನ್ನು ಹಲವು ಕ್ರೈಸ್ತ ಕುಟುಂಬಗಳು ಮರೆಯದೆ ಉಳಿಸಿಕೊಂಡಿವೆ. ವಂಶವನ್ನು ನೆನಪಿಡಲು ಒಂದು ಹೆಸರು, ಪುಸ್ತಕಕ್ಕೆ ಇನ್ನೊಂದು. ಸ್ಪೇನ್ ಇದನ್ನೇ ಕಚೇರಿಯ ಕೆಲಸವನ್ನಾಗಿ ಮಾಡಿತು: 1849ರಲ್ಲಿ ಫಿಲಿಪ್ಪೀನ್ಸ್‌ನ ಗವರ್ನರ್ ಕ್ಲಾವೆರಿಯಾ ಅಕ್ಷರಾನುಕ್ರಮದ ಪಟ್ಟಿಯೊಂದರಿಂದ ಜನರಿಗೆ ಅಡ್ಡಹೆಸರು ಹಂಚಲು ಆಜ್ಞೆ ಹೊರಡಿಸಿದ. ಅಲ್ಲಿ ಗುಮಾಸ್ತ ಮಾಡಿದ್ದನ್ನು ಗೋವೆಯಲ್ಲಿ ಪಾದ್ರಿ ಮಾಡಿದ್ದ.

ಇದಕ್ಕೆ ಒಂದು ಆಕ್ಷೇಪ ಬರಬಹುದು. 1510ರಲ್ಲಿ ಗೋವೆಯನ್ನು ಗೆದ್ದ ಅಲ್ಬುಕರ್ಕ್ ತನ್ನ ಸೈನಿಕರಿಗೆ ಸ್ಥಳೀಯ ಹೆಂಗಸರೊಡನೆ ಮದುವೆ ಮಾಡಿಸಲಿಲ್ಲವೇ? ಮಾಡಿಸಿದ, ನಿಜ. ಆದರೆ ಆ ಮಿಶ್ರಸಂತತಿ ಸಣ್ಣ ಗುಂಪಾಗಿ, ಪೋರ್ಚುಗೀಸ್ ಮಾತಾಡುತ್ತ, ಮುಖ್ಯವಾಗಿ ನಗರಕ್ಕೆ ಅಂಟಿಕೊಂಡು ಪ್ರತ್ಯೇಕವಾಗಿ ಬಾಳಿತು. ಕೆನರಾಕ್ಕೆ ವಲಸೆ ಬಂದವರು ಬಹುಪಾಲು ಬಾರ್ದೇಸ್, ಸಾಷ್ಟಿ, ತಿಸ್ವಾಡಿಯ ಹಳ್ಳಿಗಳ ಬೇಸಾಯಗಾರರು. 1560ರಲ್ಲಿ ಬಂದ ಇನ್‌ಕ್ವಿಸಿಷನ್, ಕೊಂಕಣಿಯನ್ನು ಅದುಮುವ 1684ರ ಆಜ್ಞೆ, ಮರಾಠರ ದಾಳಿಗಳು, ಬರಗಾಲ ಎಲ್ಲ ಸೇರಿ ಅವರನ್ನು ಕೆಳದಿಯ ಅರಸರ ನೆಲಕ್ಕೆ ತಂದವು. ಅವರು ಕೊಂಕಣಿಯನ್ನೂ ಜಾತಿಯನ್ನೂ ಕೈಬಿಡದೆ ತಂದರು ಎಂಬುದೇ ಅವರ ಮೂಲವನ್ನು ಹೇಳುತ್ತದೆ. ಬರೀ ಪುಸ್ತಕದ ಹೆಸರಾಗಿದ್ದರೆ, 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಅದೇಕೆ ಅಳಿಯಲಿಲ್ಲ ಎಂದೂ ಕೇಳಬಹುದು. ಆ ಹೊತ್ತಿಗೆ ಹಲವು ತಲೆಮಾರು ಕಳೆದು, ಕೊಟ್ಟ ಹೆಸರು ಮನೆಯ ಹೆಸರಾಗಿತ್ತು. 1799ರಲ್ಲಿ ಬದುಕುಳಿದವರು ಊರಿಗೆ ಮರಳಿದಾಗ ಅದನ್ನೂ ಮರಳಿ ತಂದರು.

ಇನ್ನು ಅಕ್ಷರದ ವಿಚಾರ. ನನಗೆ ಅತ್ಯಂತ ರುಚಿಸುವ ಸಾಕ್ಷಿ ಇಲ್ಲಿಯೇ ಇದೆ. ಪೋರ್ಚುಗೀಸಿನಲ್ಲಿ ‘ದೆ’ಯ ಸ್ವರ ಲೋಪವಾಗಿ ಮೇಲೊಂದು ಲೋಪಚಿಹ್ನೆ (’) ಬೀಳುವುದು ಮುಂದಿನ ಪದ ಸ್ವರದಿಂದ ಶುರುವಾದಾಗ: ದಲ್ಮೇಯ್ದ, ದಜೆವೇದು. ವ್ಯಂಜನದ ಮುಂದೆ ಆ ಲೋಪಕ್ಕೆ ವ್ಯಾಕರಣದ ಆಧಾರವಿಲ್ಲ. ಸೋಜ, ಕೋಸ್ತ, ಮೆಲ್ಲೊಗಳಿಗೆಲ್ಲ ಆ ಚಿಹ್ನೆ ಹತ್ತಿದ್ದು ಭಾರತದ ಇಂಗ್ಲಿಷ್ ಬರವಣಿಗೆಯಲ್ಲಿ, ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ. ಕನ್ನಡ ಲಿಪಿಯೂ ಇದನ್ನು ಖಚಿತಪಡಿಸುತ್ತದೆ. ಪೋರ್ಚುಗೀಸ್ ‘ದೆ’ ದಂತ್ಯ ಧ್ವನಿ; ಕಿವಿಯಿಂದ ನೇರವಾಗಿ ಬಂದಿದ್ದರೆ ಕನ್ನಡದಲ್ಲಿ ‘ದೆಸೋಜ’ ಆಗಬೇಕಿತ್ತು. ಕೊಂಕಣಿ ಕವಿ ಚಾ.ಫ್ರಾ. ದೆಕೋಸ್ತ ತಮ್ಮ ಹೆಸರಿನಲ್ಲಿ ಆ ‘ದ’ಕಾರವನ್ನು ಉಳಿಸಿಕೊಂಡಿದ್ದರು. ‘ಡಿ’ ಬಂದದ್ದು ಇಂಗ್ಲಿಷ್ ಅಕ್ಷರದ ಹೆಸರಿನಿಂದ. ಹೀಗಾಗಿ ಈ ಒಂದು ಪದದಲ್ಲಿ ಹೊಳೆ ಪೋರ್ಚುಗಲ್ಲಿನದು, ‘ಡಿ’ ಮಾತ್ರ ಬ್ರಿಟಿಷ್ ಕಾಲದ ಕಚೇರಿ, ಶಾಲೆಗಳದು.

ಕನ್ನಡವೂ ಅದರ ಮೇಲೆ ತನ್ನ ಕೈಯಾಡಿಸಿದೆ. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಕಾದಂಬರಿಕಾರರು ನಾರ್ಬರ್ಟ್ ಎಂಬ ಹೆಸರನ್ನು ‘ನಾ.’ ಎಂದು ಮೊಟಕುಗೊಳಿಸಿ, ನಮ್ಮ ಲೇಖಕರ ಪದ್ಧತಿಯಂತೆ ಮೊದಲಿಗಿಟ್ಟು, ಚಿಹ್ನೆಯ ಗೊಡವೆಯಿಲ್ಲದೆ ‘ನಾ. ಡಿಸೋಜ’ ಎಂದು ಬರೆದುಕೊಂಡರು. ಅವರ ಊರು ಸಾಗರ. ಕೆಳದಿ ಇರುವುದು ಆ ತಾಲ್ಲೂಕಿನಲ್ಲೇ.