ನೋವಿನ ಮಾತ್ರೆ ಎಷ್ಟು ಸುರಕ್ಷಿತ? ನೋವಿನ ಮೂಲ ಹುಡುಕುವುದು ಹೇಗೆ?

ನೋವಿನ ಮಾತ್ರೆಗಳ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ಹೆದರಿಸುವಂಥದ್ದು: "ಒಂದು ಮಾತ್ರೆ ನುಂಗಿದರೂ ಕಿಡ್ನಿ ಹೋದಂತೆ." ಇನ್ನೊಂದು ಧೈರ್ಯ ಕೊಡುವಂಥದ್ದು: "ಮಂಡಿನೋವಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಳ್ಳಿ, ನಮ್ಮ ಅತ್ತೆಗೆ ವಾಸಿಯಾಯ್ತು." ಎರಡೂ ಸರಿಯಲ್ಲ. ಸರಿಯಾದ ಪ್ರಮಾಣದಲ್ಲಿ, ಕೆಲವೇ ದಿನ ಬಳಸಿದರೆ ನೋವಿನ ಮಾತ್ರೆ ಹೆಚ್ಚಿನವರಿಗೆ ಸುರಕ್ಷಿತ. ಆದರೆ ಅದು ಹೆಚ್ಚಿನ ವೇಳೆ ನೋವನ್ನು ತಗ್ಗಿಸುತ್ತದೆಯೇ ಹೊರತು ನೋವಿನ ಕಾರಣವನ್ನು ತೆಗೆಯುವುದಿಲ್ಲ.

ಪ್ಯಾರಸಿಟಮಾಲ್‌ನಲ್ಲಿ ವೈರಸ್ ಇದೆಯೇ?

ಮೊದಲು ಈ ಹಳೆಯ ಸಂದೇಶವನ್ನು ಬದಿಗಿಡೋಣ. "ಬಿಳಿಯಾಗಿ ಹೊಳೆಯುವ ಪಿ-500 ಮಾತ್ರೆಯಲ್ಲಿ ಮಚುಪೋ ವೈರಸ್ ಇದೆ" ಎಂಬ ಸುದ್ದಿ 2017ರ ಸುಮಾರಿಗೆ ಮಲೇಷ್ಯಾ, ಸಿಂಗಾಪುರ, ಭಾರತ ಹೀಗೆ ಹಲವು ದೇಶಗಳಲ್ಲಿ ಹರಡಿತ್ತು. ಇದು ಸುಳ್ಳು. ಮಚುಪೋ ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಕಂಡುಬರುವ, ಇಲಿಗಳಿಂದ ಹರಡುವ ವೈರಸ್. ವೈರಸ್ ಬೆಳೆಯಲು ಜೀವಕೋಶ ಬೇಕು. ಒಣ ಮಾತ್ರೆಯಲ್ಲಿ ಅದು ಬೆಳೆಯಲಾರದು. ಪ್ಯಾರಸಿಟಮಾಲ್‌ನಿಂದ ನಿಜವಾದ ಅಪಾಯ ಇದೆ, ಆದರೆ ಅದು ಬೇರೆಯೇ.

ಮಾತ್ರೆ ಕೆಲಸ ಮಾಡುವುದು ಹೇಗೆ?

ದೇಹದಲ್ಲಿ ಎಲ್ಲಾದರೂ ಪೆಟ್ಟು ಬಿದ್ದಾಗ ಅಥವಾ ಊತ ಬಂದಾಗ ಅಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಇವು ನರಗಳನ್ನು ಸೂಕ್ಷ್ಮಗೊಳಿಸಿ ನೋವನ್ನು ಹೆಚ್ಚಿಸುತ್ತವೆ. ಆಸ್ಪಿರಿನ್ ಈ ತಯಾರಿಕೆಯನ್ನೇ ತಡೆಯುತ್ತದೆ ಎಂದು 1971ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿದರು. 1982ರ ವೈದ್ಯಕೀಯ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಆದರೆ ಇದೇ ಪ್ರೋಸ್ಟಗ್ಲಾಂಡಿನ್‌ಗಳು ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡುತ್ತವೆ. ಅಗತ್ಯ ಬಿದ್ದಾಗ ಕಿಡ್ನಿಗೆ ಹರಿಯುವ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುತ್ತವೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂದು ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ತಡೆಯುತ್ತದೆ. ನೋವು ಕಡಿಮೆಯಾಗುವುದೂ ಇದರಿಂದಲೇ, ಹೊಟ್ಟೆಯಲ್ಲಿ ಹುಣ್ಣಾಗುವುದೂ ಇದರಿಂದಲೇ.

ಪ್ಯಾರಸಿಟಮಾಲ್: ಲೆಕ್ಕ ತಪ್ಪಬಾರದು

ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಎರಡು ಡೋಸ್‌ಗಳ ನಡುವೆ 4ರಿಂದ 6 ಗಂಟೆ ಅಂತರ. 24 ಗಂಟೆಯಲ್ಲಿ 4000 ಮಿಲಿಗ್ರಾಂ ದಾಟಬಾರದು. ತೂಕ ಕಡಿಮೆ ಇರುವವರಿಗೆ, ಮದ್ಯಪಾನ ಮಾಡುವವರಿಗೆ, ಲಿವರ್ ತೊಂದರೆ ಇರುವವರಿಗೆ ಈ ಮಿತಿ ಇನ್ನೂ ಕಡಿಮೆ. ಅದನ್ನು ವೈದ್ಯರೇ ಹೇಳಬೇಕು.

ಲೆಕ್ಕ ತಪ್ಪುವುದು ಹೀಗೆ: ಜ್ವರಕ್ಕೆಂದು 650ರ ಮಾತ್ರೆ ದಿನಕ್ಕೆ ನಾಲ್ಕು, ಅಂದರೆ 2600. ಜೊತೆಗೆ ನೆಗಡಿ ಮಾತ್ರೆ ಮೂರು ಬಾರಿ. ಅದರಲ್ಲೂ 500 ಪ್ಯಾರಸಿಟಮಾಲ್ ಇದ್ದರೆ 1500. ಒಟ್ಟು 4100. ಎರಡು ಬೇರೆ ಮಾತ್ರೆ ಎಂದುಕೊಂಡು ನುಂಗಿದ್ದು ಒಂದೇ ಔಷಧಿಯನ್ನು! ಮೈಕೈ ನೋವಿನ ಹಲವು ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ. ಹೀಗಾಗಿ ಸ್ಟ್ರಿಪ್‌ನ ಮುಂಭಾಗದ ಕಂಪನಿ ಹೆಸರನ್ನಲ್ಲ, ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರನ್ನು ಓದಿ.

ಮಿತಿ ಮೀರಿದರೆ ಮೊದಲ ದಿನ ಏನೂ ಆಗದಂತೆ ಕಾಣಬಹುದು, ಆದರೆ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಇದಕ್ಕೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಪ್ರತ್ಯೌಷಧ ಇದೆ. 8 ಗಂಟೆಯೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಯಾರಾದರೂ ಹೆಚ್ಚು ಮಾತ್ರೆ ನುಂಗಿದ್ದು ತಿಳಿದರೆ ವಾಂತಿ ಬರಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಊತ ತಗ್ಗಿಸುವ ಮಾತ್ರೆಗಳು: ಇವುಗಳೇ ಹೆಚ್ಚು ಎಚ್ಚರ ಬೇಡುವಂಥವು

ಐಬುಪ್ರೊಫೆನ್, ಡೈಕ್ಲೊಫೆನಾಕ್, ಏಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್ ಈ ಗುಂಪಿಗೆ ಸೇರಿವೆ. ಹೆಸರು ಬೇರೆಯಾದರೂ ಕೆಲಸ ಒಂದೇ. ಎರಡನ್ನು ಒಟ್ಟಿಗೆ ನುಂಗಿದರೆ ನೋವು ಬೇಗ ಹೋಗುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಕೆಳಗಿನವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು:

- ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು
- ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು
- ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವ ಹಿರಿಯರು
- ಗರ್ಭಿಣಿಯರು, ವಿಶೇಷವಾಗಿ 20 ವಾರದ ನಂತರ
- ಡೆಂಗ್ಯೂ ಇರಬಹುದೆಂಬ ಜ್ವರ ಬಂದವರು. ಐಬುಪ್ರೊಫೆನ್, ಆಸ್ಪಿರಿನ್‌ನಂಥವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಳೆಗಾಲದ ಜ್ವರಕ್ಕೆ ಮಿತಿಯಲ್ಲಿ ಪ್ಯಾರಸಿಟಮಾಲ್ ಮಾತ್ರ

12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು ಭಾರತ 2011ರಲ್ಲೇ ನಿಷೇಧಿಸಿದೆ. ವೈದ್ಯರು ಹೇಳದೆ ಮಕ್ಕಳಿಗೆ ಆಸ್ಪಿರಿನ್ ಕೂಡ ಬೇಡ. ಮಕ್ಕಳ ಡೋಸ್ ನಿರ್ಧಾರವಾಗುವುದು ತೂಕದ ಮೇಲೆ. ದೊಡ್ಡವರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡಬೇಡಿ.

ರಣಹದ್ದು ಸತ್ತ ಮಾತ್ರೆ ನಮಗೇಕೆ?

ಡೈಕ್ಲೊಫೆನಾಕ್‌ನಿಂದ ರಣಹದ್ದುಗಳು ಸತ್ತಿದ್ದು ನಿಜ. ಈ ಔಷಧಿ ಕೊಟ್ಟ ದನಗಳ ಕಳೇಬರ ತಿಂದ ಹದ್ದುಗಳ ಕಿಡ್ನಿ ಕೆಟ್ಟು ಸಾಯುತ್ತಿವೆ ಎಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ಭಾರತ ಜಾನುವಾರುಗಳಿಗೆ ಇದರ ಬಳಕೆಯನ್ನು ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಧಾಮವೇ ಇದೆ. ಆದರೆ "ಹದ್ದು ಸತ್ತಿತು, ಆದ್ದರಿಂದ ಮನುಷ್ಯರೂ ಒಂದೇ ಮಾತ್ರೆಗೆ ಸಾಯುತ್ತಾರೆ" ಎಂಬ ವಾದ ತಪ್ಪು. ಆ ಹಕ್ಕಿಗಳಿಗೆ ಅತಿ ಕಡಿಮೆ ಪ್ರಮಾಣವೇ ವಿಷವಾಗುತ್ತದೆ. ಮನುಷ್ಯರಲ್ಲಿ ತೊಂದರೆ ಹೆಚ್ಚಾಗಿ ಬರುವುದು ತಿಂಗಳುಗಟ್ಟಲೆ ನುಂಗುವವರಿಗೆ, ಈಗಾಗಲೇ ಕಿಡ್ನಿ ದುರ್ಬಲವಾಗಿರುವವರಿಗೆ, ವಾಂತಿಭೇದಿಯಿಂದ ದೇಹದ ನೀರು ಬತ್ತಿರುವಾಗ.

ನಾವು ಆಗಾಗ ಕೇಳುವ ಮೂರು ನಂಬಿಕೆಗಳು

"ಗ್ಯಾಸ್ ಮಾತ್ರೆ ಜೊತೆಗೆ ತಗೊಂಡ್ರೆ ಏನೂ ಆಗಲ್ಲ." ಅದು ಹೊಟ್ಟೆಯನ್ನು ಒಂದು ಮಟ್ಟಿಗೆ ಕಾಪಾಡುತ್ತದೆ. ಕಿಡ್ನಿಯನ್ನಾಗಲಿ ಹೃದಯವನ್ನಾಗಲಿ ಅಲ್ಲ.

"ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆಗೆ ತೊಂದರೆ ಇಲ್ಲ." ಔಷಧಿ ರಕ್ತದ ಮೂಲಕವೂ ಹೊಟ್ಟೆಗೆ ತಲುಪುತ್ತದೆ. ಸೂಜಿ ಚುಚ್ಚಿಸಿಕೊಂಡರೂ ಹುಣ್ಣಿನ ಅಪಾಯ ತಪ್ಪುವುದಿಲ್ಲ.

"ನಾಟಿ ಪುಡಿ, ಅಡ್ಡ ಪರಿಣಾಮವೇ ಇಲ್ಲ." ಒಂದೇ ದಿನದಲ್ಲಿ ಮಂಡಿನೋವು ಮಾಯ ಮಾಡುವ, ಚೀಟಿ ಇಲ್ಲದ ಪುಡಿಯಲ್ಲಿ ಸ್ಟೆರಾಯ್ಡ್ ಅಥವಾ ನೋವಿನ ಮಾತ್ರೆಯನ್ನೇ ಬೆರೆಸಿರಬಹುದು. ಇಂಥ ಕಲಬೆರಕೆ ಹಲವು ಬಾರಿ ಪತ್ತೆಯಾಗಿದೆ. ಮುಖ ಊದಿಕೊಳ್ಳುವುದು, ಸಕ್ಕರೆ ಏರುವುದು ಇದರ ಸುಳಿವು. ಹಾಗೆಂದು ಬಹಳ ದಿನದಿಂದ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪುಡಿಯನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.

ಮಾತ್ರೆಯೇ ತಲೆನೋವಾದಾಗ

ತಲೆನೋವಿಗೆ ಮಾತ್ರೆ, ಮಾತ್ರೆ ಇಳಿದರೆ ಮತ್ತೆ ತಲೆನೋವು. ಮೊದಲೇ ತಲೆನೋವಿನ ತೊಂದರೆ ಇರುವವರು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಪ್ಯಾರಸಿಟಮಾಲ್‌ನಂಥ ಸಾದಾ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವನ್ನು ಉಳಿಸಿಬಿಡಬಹುದು. ಹಲವು ಔಷಧಿ ಬೆರೆತ ಮಾತ್ರೆಯಾದರೆ 10 ದಿನವೇ ಸಾಕು. ಇದಕ್ಕೆ ಇನ್ನೂ ಬಲವಾದ ಮಾತ್ರೆ ಪರಿಹಾರವಲ್ಲ, ವೈದ್ಯರ ಸಲಹೆಯಂತೆ ಬಿಡಿಸಿಕೊಳ್ಳುವುದೇ ಪರಿಹಾರ.

ನೋವಿನ ಮೂಲ ಎಲ್ಲಿರಬಹುದು?

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬರುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಕೀಲು, ಬೆನ್ನು, ಕುತ್ತಿಗೆ ಬಿಗಿದು ನೋಯುತ್ತವೆ. ಇದೇ ಫ್ಲೋರೋಸಿಸ್. ಇಲ್ಲಿ ಹತ್ತು ವರ್ಷ ಮಾತ್ರೆ ನುಂಗಿದರೂ ಮೂಲ ಕಾರಣ ಬಿಂದಿಗೆಯಲ್ಲೇ ಇರುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಣ ಘಟಕದ ನೀರು ಅಥವಾ ಮಳೆನೀರಿಗೆ ಬದಲಾಗಬೇಕು.

ಬೇರೆ ನೋವುಗಳಿಗೂ ಹೀಗೆಯೇ ಮೂಲ ಇರುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿ ನರದ ತೊಂದರೆ. ಅದಕ್ಕೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಪ್ರತಿ ತಿಂಗಳು ಹಾಸಿಗೆ ಹಿಡಿಸುವಂಥ ಮುಟ್ಟಿನ ನೋವಿನ ಹಿಂದೆ ಎಂಡೊಮೆಟ್ರಿಯೋಸಿಸ್ ಇರಬಹುದು. "ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದಿದ್ದೇ" ಎಂದು ತಳ್ಳಿಹಾಕಬೇಡಿ. ಹಲ್ಲುನೋವು ಮಾತ್ರೆಯಿಂದ ಅಡಗಿದರೂ ಒಳಗಿನ ಕೀವು ಉಳಿಯುತ್ತದೆ.

ವೈದ್ಯರ ಬಳಿ ಹೋಗುವ ಮೊದಲು ಒಂದು ವಾರ ಮೊಬೈಲ್‌ನಲ್ಲೇ ಬರೆದಿಡಿ: ನೋವು ಎಲ್ಲಿ, ಯಾವ ಹೊತ್ತಿಗೆ, ಯಾವ ಕೆಲಸ ಮಾಡಿದರೆ ಹೆಚ್ಚು, ಯಾವ ಮಾತ್ರೆ ಎಷ್ಟು ತೆಗೆದುಕೊಂಡಿರಿ. ಖಾಲಿ ಸ್ಟ್ರಿಪ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಮಾತ್ರೆ ನುಂಗಿ ಕಾಯಬಾರದ ನೋವುಗಳು

- ಎದೆ ಹಿಂಡಿದಂತಾಗಿ ತೋಳು, ದವಡೆಗೆ ಹರಡುವ ನೋವು, ಜೊತೆಗೆ ಬೆವರು. "ಗ್ಯಾಸ್ ಇರಬೇಕು" ಎಂದು ಕೂರಬೇಡಿ
- ಹಠಾತ್ತನೆ ಬಂದ, ಹಿಂದೆಂದೂ ಕಾಣದ ತೀವ್ರ ತಲೆನೋವು
- ಬೆನ್ನುನೋವಿನ ಜೊತೆ ಕಾಲು ಸೋಲುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು
- ಹೊಕ್ಕುಳ ಬಳಿ ಶುರುವಾಗಿ ಬಲಭಾಗದ ಕೆಳಹೊಟ್ಟೆಗೆ ಸರಿಯುವ ನೋವು
- ಮಾತ್ರೆ ನುಂಗುವವರಲ್ಲಿ ಕಪ್ಪು ಮಲ, ರಕ್ತವಾಂತಿ, ಮೂತ್ರ ಕಡಿಮೆಯಾಗುವುದು

ಇವುಗಳಲ್ಲಿ ಯಾವುದಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಉಳಿದ ಸಾಮಾನ್ಯ ನೋವಿಗೆ ನಮ್ಮ ಸಲಹೆ ಇಷ್ಟೇ: ಕಡಿಮೆ ಡೋಸ್, ಕಡಿಮೆ ದಿನ, ಊತದ ಮಾತ್ರೆಯಾದರೆ ಊಟದ ನಂತರ. ಮೂರ್ನಾಲ್ಕು ದಿನಕ್ಕೂ ಕಡಿಮೆಯಾಗದಿದ್ದರೆ ಮತ್ತೊಂದು ಸ್ಟ್ರಿಪ್ ಕೊಳ್ಳುವ ಬದಲು ವೈದ್ಯರನ್ನು ನೋಡಿ. ಮನೆಯ ಹಿರಿಯರು ದಿನವೂ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಇವತ್ತೇ ಒಮ್ಮೆ ಕೇಳಿ. ಬಹಳ ಕಾಲದಿಂದ ನೋವಿನ ಮಾತ್ರೆ ಸೇವಿಸುತ್ತಿದ್ದರೆ ಬಿಪಿ ನೋಡಿಸಿ, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಫಾರ್ವರ್ಡ್ ಮಾಡುವುದಿದ್ದರೆ ಮಾತ್ರೆಯ ಹೆಸರನ್ನಲ್ಲ, ಈ ಮಾಹಿತಿಯನ್ನು ಮಾಡಿ.